ಹದಿನೆಂಟು ಮತ್ತು ಹನ್ನೊಂದು: ಒಂದು ಗಣಿತ ಅಂಕದ ಪ್ರಕರಣ ಅಧ್ಯಯನ

ಗಣಿತದಲ್ಲಿ ಆಂತರಿಕ ಅಂಕ 20ಕ್ಕೆ 18. ಲಿಖಿತ ಪರೀಕ್ಷೆಯಲ್ಲಿ 80ಕ್ಕೆ 11. ಕೂಡಿಸಿದರೆ 29, ಫಲಿತಾಂಶ ಅನುತ್ತೀರ್ಣ. ಹುಡುಗಿ ವಿಜಯಪುರ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯವಳು. ಮನೆ ಶಾಲೆಯಿಂದ ನಾಲ್ಕು ಕಿಲೋಮೀಟರ್ ದೂರದ ತಾಂಡಾದಲ್ಲಿ. 2025ರ ಎಸ್ಸೆಸ್ಸೆಲ್ಸಿ ಪರೀಕ್ಷೆ-1ರ ಫಲಿತಾಂಶ ಮೇ 2ರಂದು ಬಂತು. ಉಳಿದ ಐದು ವಿಷಯ ದಾಟಿದ್ದಳು. ಯಾರದೋ ಮೊಬೈಲಿನಲ್ಲಿ ಫಲಿತಾಂಶ ನೋಡಿಸಿಕೊಂಡು ಶಾಲೆಗೆ ಬಂದ ತಂದೆ ಮುಖ್ಯೋಪಾಧ್ಯಾಯರ ಮುಂದೆ ಒಂದೇ ಪ್ರಶ್ನೆ ಇಟ್ಟರು: “ಇಪ್ಪತ್ತಕ್ಕ ಹದಿನೆಂಟ ತಗೊಂಡಾಕಿ ಎಂಬತ್ತಕ್ಕ ಹನ್ನೊಂದ ಹೆಂಗ ತಗೋತಾಳ್ರಿ ಸರ? ಎರಡರಾಗ ಒಂದರ ತಪ್ಪಿರಬೇಕಲ್ರಿ.”

ತಪ್ಪು ಇತ್ತು. ಆದರೆ ಅವರು ಶಂಕಿಸಿದ್ದು ಹನ್ನೊಂದನ್ನು.

ಈ ಶಾಲೆ ಯಾವುದು, ಹುಡುಗಿ ಯಾರು ಎಂದು ಹುಡುಕಬೇಕಿಲ್ಲ. ಈ ಭಾಗದ ಪ್ರೌಢಶಾಲೆಗಳಲ್ಲಿ ಮತ್ತೆ ಮತ್ತೆ ಕಾಣುವುದನ್ನು ಒಬ್ಬ ವಿದ್ಯಾರ್ಥಿನಿಯ ದಾಖಲೆಯಾಗಿ ಜೋಡಿಸಿದ ಮಾದರಿ ಪ್ರಕರಣ ಇದು. ಅವಳ ಅಂಕಗಳು ವಿವರಣೆಗಾಗಿ ಇಟ್ಟವು. ಪರೀಕ್ಷೆಯ ರಚನೆ, ದಿನಾಂಕ, ನಿಯಮಗಳು ಇದ್ದದ್ದು ಇದ್ದಂತೆ ಇವೆ.

ಹದಿನೆಂಟು ಬಂದ ದಾರಿ

ಎಸ್ಸೆಸ್ಸೆಲ್ಸಿಯ ಒಟ್ಟು ಅಂಕ 625. ಪ್ರಥಮ ಭಾಷೆಗೆ 125, ಅದರಲ್ಲಿ 100 ಲಿಖಿತ, 25 ಆಂತರಿಕ. ಉಳಿದ ಐದು ವಿಷಯಗಳಿಗೆ ತಲಾ 100, ಅಂದರೆ 80 ಲಿಖಿತ, 20 ಆಂತರಿಕ. ಈ ಇಪ್ಪತ್ತು ಬರುವುದು ವರ್ಷದಲ್ಲಿ ನಡೆಯುವ ನಾಲ್ಕು ರೂಪಣಾತ್ಮಕ ಮೌಲ್ಯಮಾಪನಗಳಿಂದ. ಶಾಲೆಯಲ್ಲಿ ಯಾರೂ ಅಷ್ಟುದ್ದ ಹೇಳುವುದಿಲ್ಲ, ಎಫ್‌ಎ ಎನ್ನುತ್ತಾರೆ. ಹತ್ತನೇ ತರಗತಿಯಲ್ಲಿ ಒಂದೊಂದು ಎಫ್‌ಎಗೆ 50 ಅಂಕ: 15ರ ಎರಡು ಚಟುವಟಿಕೆ, 20ರ ಒಂದು ಕಿರುಪರೀಕ್ಷೆ. ನಾಲ್ಕೂ ಸೇರಿ 200. ಹತ್ತರಿಂದ ಭಾಗಿಸಿದರೆ 20.

ಹುಡುಗಿಯ ಗಣಿತದ ವಹಿಯಲ್ಲಿ ಎಫ್‌ಎ-1ಕ್ಕೆ 44, ಎಫ್‌ಎ-2ಕ್ಕೆ 44, ಎಫ್‌ಎ-3ಕ್ಕೆ 45, ಎಫ್‌ಎ-4ಕ್ಕೆ 47. ಮೊತ್ತ 180, ಆಂತರಿಕ ಅಂಕ 18. ಕೂಡಿಕೆ ಸರಿ, ಸಹಿ ಇದೆ, ಗೀಚಿ ತಿದ್ದಿದ್ದಿಲ್ಲ. ಮೇಲಿನಿಂದ ಪರಿಶೀಲನೆಗೆ ಬಂದವರು ನೋಡುವುದು ಬಹುಮಟ್ಟಿಗೆ ಇಷ್ಟನ್ನೇ.

ಕಪಾಟಿನಲ್ಲಿದ್ದ ಹಳೆಯ ಕಟ್ಟು ಬಿಚ್ಚಿದಾಗ ಬೇರೆಯದು ಸಿಕ್ಕಿತು. ಎಫ್‌ಎ-1ರ ಕಿರುಪರೀಕ್ಷೆಯ ಉತ್ತರ ಹಾಳೆಯ ಮೇಲೆ ಕೆಂಪು ಶಾಯಿಯಲ್ಲಿ 20ಕ್ಕೆ 5. ವಹಿಯಲ್ಲಿ ಅದೇ ಪರೀಕ್ಷೆಗೆ 16. ಎಫ್‌ಎ-2ರ ಹಾಳೆಯಲ್ಲಿ 4, ವಹಿಯಲ್ಲಿ 15. ಎಫ್‌ಎ-3ರ ಹಾಳೆಯೇ ಇಲ್ಲ, ಇರುವುದು ಸಾಧ್ಯವೂ ಇರಲಿಲ್ಲ. ಆ ಕಿರುಪರೀಕ್ಷೆಗೆ ವಹಿಯಲ್ಲಿ ಬರೆದ ದಿನಾಂಕ ಡಿಸೆಂಬರಿನದು. ಹಾಜರಿ ಪುಸ್ತಕದಲ್ಲಿ ನವೆಂಬರ್ ನಡುವಿನಿಂದ ಜನವರಿ ನಡುವಿನವರೆಗೆ ಅವಳ ಹೆಸರಿನ ಮುಂದೆ ಗೈರು. ಆ ಎರಡು ತಿಂಗಳು ಅವಳು ಅಪ್ಪ-ಅವ್ವನ ಜೊತೆ ಮಹಾರಾಷ್ಟ್ರದ ಕಬ್ಬಿನ ಗದ್ದೆಯಲ್ಲಿದ್ದಳು. ದೀಪಾವಳಿ ಮುಗಿದ ಮೇಲೆ ಈ ತಾಂಡಾಗಳು ಅರ್ಧಕ್ಕರ್ಧ ಖಾಲಿಯಾಗುತ್ತವೆ. ಕಬ್ಬು ಕಡಿಯುವ ಜೋಡಿಗೆ ಮುಂಗಡ ಕೊಟ್ಟ ಮೇಲೆ ಅಡುಗೆಗೆ, ತಮ್ಮನನ್ನು ನೋಡಿಕೊಳ್ಳಲು ಹಿರಿಯ ಮಗಳು ಬೇಕು.

ಹಾಜರಾತಿಯ ಲೆಕ್ಕ ಇದನ್ನು ಹಿಡಿಯುವುದಿಲ್ಲ. ಪರೀಕ್ಷೆಗೆ ಕೂಡಲು ಶೇ 75 ಹಾಜರಿ ಬೇಕು. ಶಾಲೆ 220 ದಿನ ನಡೆದರೆ 165 ದಿನ ಬಂದವರು ಅರ್ಹರು. 55 ದಿನ ತಪ್ಪಿದರೂ ನಡೆಯುತ್ತದೆ. ಹುಡುಗಿ ತಪ್ಪಿಸಿದ್ದು ಅದರೊಳಗೇ ಬಂತು. ಆದರೆ ಆ ದಿನಗಳೆಲ್ಲ ಒಂದೇ ಕಡೆ ಗುಂಪಾಗಿ ಬಿದ್ದವು, ತ್ರಿಕೋನಮಿತಿ, ವೃತ್ತ, ಸಂಖ್ಯಾಶಾಸ್ತ್ರ ನಡೆಯುವ ಹೊತ್ತಿನಲ್ಲಿ.

ಶಿಕ್ಷಕರನ್ನು ಕಳ್ಳರೆಂದು ಬರೆದು ಮುಗಿಸಿದರೆ ಪ್ರಕರಣ ಅರ್ಥವಾಗುವುದಿಲ್ಲ. ಸಣ್ಣ ಪ್ರೌಢಶಾಲೆಯಲ್ಲಿ ಒಬ್ಬರೇ ಪಿಸಿಎಂ (ಭೌತ, ರಸಾಯನ, ಗಣಿತ) ಶಿಕ್ಷಕರು, ಎಂಟು ಒಂಬತ್ತು ಹತ್ತು ಮೂರೂ ತರಗತಿಗೆ ಗಣಿತ ಅವರದೇ. ತರಗತಿಗೆ 40 ಮಕ್ಕಳೆಂದು ಹಿಡಿಯಿರಿ. ಮೂರು ತರಗತಿ, ನಾಲ್ಕು ಎಫ್‌ಎ, ಒಂದೊಂದರಲ್ಲಿ ಮೂರು ಅಂಕ ಎಂದರೆ ವರ್ಷಕ್ಕೆ 1,440 ಅಂಕ ನಮೂದು, ಒಂದೇ ವಿಷಯಕ್ಕೆ. ಅವೆಲ್ಲ ಇಲಾಖೆ ಮಕ್ಕಳ ದಾಖಲೆ ಇಡುವ ಎಸ್‌ಎಟಿಎಸ್ ತಂತ್ರಾಂಶಕ್ಕೂ ಏರಬೇಕು. ಫಲಿತಾಂಶ ಕುಸಿದರೆ ಶಾಲೆಗೆ ನೋಟಿಸು ಬರುತ್ತದೆ. ಹೀಗಾಗಿ ನಿಜವಾದ ಪರೀಕ್ಷೆ ಎಫ್‌ಎ-1, 2ರಲ್ಲಿ ನಡೆಯುತ್ತದೆ, ಅಂಕ ಮಾತ್ರ ಆಮೇಲೆ ‘ಹಾಕಲಾಗುತ್ತದೆ’. 3, 4ರ ಹೊತ್ತಿಗೆ ಪರೀಕ್ಷೆಯೂ ನಿಂತು ಹಾಕುವುದಷ್ಟೇ ಉಳಿಯುತ್ತದೆ. ಚಟುವಟಿಕೆಯ ಕತೆ ಇನ್ನೂ ಸುಲಭ. ಗೋಳಗುಮ್ಮಟದ ಚಿತ್ರ ಅಂಟಿಸಿ ಕೆಳಗೆ ‘ಗಣಿತ ಮತ್ತು ವಾಸ್ತುಶಿಲ್ಪ’ ಎಂದು ಬರೆದ ಚಾರ್ಟಿಗೆ 15ಕ್ಕೆ 15 ಬಿದ್ದ ಶಾಲೆಗಳು ಈ ಜಿಲ್ಲೆಯಲ್ಲಿ ಕಡಿಮೆ ಇರಲಿಕ್ಕಿಲ್ಲ.

ಸಾಚಾ ಲೆಕ್ಕ ಎಷ್ಟಾಗುತ್ತಿತ್ತು?

ಇದ್ದ ಹಾಳೆಗಳನ್ನು ಆಧಾರವಾಗಿಟ್ಟು, ಚಟುವಟಿಕೆಗೆ ಮಾಡಿದಷ್ಟೇ ಅಂಕ ಕೊಟ್ಟು ಮರುಲೆಕ್ಕ ಹಾಕಿದರೆ ಎಫ್‌ಎ-1ಕ್ಕೆ 26, ಎಫ್‌ಎ-2ಕ್ಕೆ 25. ಊರಿಂದ ಬಂದ ಮೇಲೆ ಎಫ್‌ಎ-3ನ್ನು ಬೇರೆ ದಿನ ಮಾಡಿಸಿದ್ದರೆ ಅಂದಾಜು 19, ಎಫ್‌ಎ-4ಕ್ಕೆ 26. ಮೊತ್ತ 96, ಅಂದರೆ 9.6, ಆಂತರಿಕ ಅಂಕ 10.

ವ್ಯತ್ಯಾಸ ಎಂಟು ಅಂಕ. 625ರಲ್ಲಿ ಎಂಟೆಂದರೆ ಶೇ 1.28. ಒಂದು ಎಫ್‌ಎಯ ಐವತ್ತು ಅಂಕ ಕೊನೆಗೆ ಐದಾಗಿ ಇಳಿಯುತ್ತದೆ. ಕಿರುಪರೀಕ್ಷೆಯಲ್ಲಿ 5 ಇದ್ದದ್ದನ್ನು 16 ಮಾಡಿದರೆ ಹನ್ನೊಂದು ಅಂಕದ ಸುಳ್ಳಿಗೆ ಸಿಗುವ ಲಾಭ 1.1 ಅಂಕ. ಇಷ್ಟಕ್ಕಾಗಿ ಕಳೆದುಕೊಂಡದ್ದೇನು ಎಂದರೆ, ಜುಲೈ ತಿಂಗಳಲ್ಲೇ ಕೈಗೆ ಬಂದಿದ್ದ 20ಕ್ಕೆ 5 ಎಂಬ ಸುದ್ದಿ. ಅದು ತಂದೆಗೆ ತಲುಪಲಿಲ್ಲ, ಹುಡುಗಿಗೂ ನಿಲ್ಲಲಿಲ್ಲ, ಶಿಕ್ಷಕರ ಮನಸ್ಸಿನಿಂದಲೂ ಸೆಪ್ಟೆಂಬರ್ ಹೊತ್ತಿಗೆ ಅಳಿಸಿಹೋಯಿತು. ವಹಿ ತೆರೆದಾಗಲೆಲ್ಲ ಕಾಣುತ್ತಿದ್ದದ್ದು 44.

ಹಿಂದಿನ ವರ್ಷಗಳಲ್ಲಿ ಈ ಅಂತರ ಇಷ್ಟು ಬಯಲಾಗುತ್ತಿರಲಿಲ್ಲ. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಶುರುವಾಯಿತು. ರಾಜ್ಯದ ಫಲಿತಾಂಶ 2023ರಲ್ಲಿ ಶೇ 83.89 ಇದ್ದದ್ದು 2024ರಲ್ಲಿ 73.40 ಆಯಿತು, ಅದೂ ಕೃಪಾಂಕದ ಮಿತಿಯನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೆ. 2025ರಲ್ಲಿ ಆ ಹೆಚ್ಚುವರಿ ಕೃಪಾಂಕ ಇರಲಿಲ್ಲ, ಶೇ 66.14ಕ್ಕೆ ಇಳಿಯಿತು. ತಾಂಡಾದಲ್ಲಿ ಮಾತ್ರ ‘ಸರ್ಕಾರದವರು ಅಂಕ ಕೂಡಿಸಿ ಪಾಸ್ ಮಾಡ್ತಾರ’ ಎಂಬ 2024ರ ಸುದ್ದಿಯೇ 2025ರಲ್ಲೂ ಓಡಾಡುತ್ತಿತ್ತು.

ಹನ್ನೊಂದನ್ನು ಬಿಡಿಸಿ ನೋಡಿದಾಗ

ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಗೆ ಆನ್‌ಲೈನ್ ಅರ್ಜಿ ಹಾಕಿ ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿ ತರಿಸಲಾಯಿತು. ಉದ್ದೇಶ ಮರುಮೌಲ್ಯಮಾಪನ ಅಲ್ಲ. ಹನ್ನೊಂದು ಬಂದ ಪತ್ರಿಕೆ ಮರುಮೌಲ್ಯಮಾಪನದಲ್ಲಿ ಪಾಸಾಗುವಷ್ಟು ಏರುವುದಿಲ್ಲ ಎಂದು ತಂದೆಗೆ ಮೊದಲೇ ಹೇಳಿದ್ದು ಒಳ್ಳೆಯದಾಯಿತು. ಉದ್ದೇಶ ಓದುವುದು.

ಗಣಿತದ ಪ್ರಶ್ನೆಪತ್ರಿಕೆಯಲ್ಲಿ 38 ಪ್ರಶ್ನೆ. ಒಂದು ಅಂಕದ ಬಹು ಆಯ್ಕೆ ಎಂಟು, ಒಂದು ಅಂಕದ ನೇರ ಪ್ರಶ್ನೆ ಎಂಟು, ಎರಡು ಅಂಕದವು ಎಂಟು, ಮೂರು ಅಂಕದವು ಒಂಬತ್ತು, ನಾಲ್ಕು ಅಂಕದವು ನಾಲ್ಕು, ಐದು ಅಂಕದ್ದು ಒಂದು. ಹುಡುಗಿ ಮುಟ್ಟಿದ್ದು 21, ಖಾಲಿ ಬಿಟ್ಟದ್ದು 17. ಬಹು ಆಯ್ಕೆ ಎಂಟನ್ನೂ ಬರೆದು ಐದು ಅಂಕ. ನೇರ ಪ್ರಶ್ನೆಗಳಲ್ಲಿ ಮೂರನ್ನು ಬರೆದು ಒಂದು. ಎರಡು ಅಂಕದ ಐದನ್ನು ಪ್ರಯತ್ನಿಸಿ ಎರಡು, ಮೂರು ಅಂಕದ ನಾಲ್ಕನ್ನು ಪ್ರಯತ್ನಿಸಿ ಎರಡು, ನಾಲ್ಕು ಅಂಕದ ಒಂದನ್ನು ಹಿಡಿದು ಒಂದು. ಐದು ಅಂಕದ್ದರ ಹತ್ತಿರ ಹೋಗಿಲ್ಲ.

ನಾಲ್ಕು ಅಂಕದ ಆ ಒಂದು ಪ್ರಶ್ನೆ ನಕ್ಷೆಯದು. ಎರಡು ರೇಖಾತ್ಮಕ ಸಮೀಕರಣ ಕೊಟ್ಟು ನಕ್ಷೆಯ ಮೂಲಕ ಬಿಡಿಸಿ ಎನ್ನುವುದು ಈ ಪತ್ರಿಕೆಯಲ್ಲಿ ತೀರ ಪರಿಚಿತ ಪ್ರಶ್ನೆ. ಸಮೀಕರಣ 2ಎಕ್ಸ್ + ವೈ = 6, 2ಎಕ್ಸ್ − ವೈ = 2 ಎಂದಿಟ್ಟುಕೊಳ್ಳಿ. ಉತ್ತರ ಎಕ್ಸ್ 2, ವೈ 2. ಅಂಕ ಹಂಚುವ ಸಾಮಾನ್ಯ ಕ್ರಮದಲ್ಲಿ ಎರಡು ಕೋಷ್ಟಕಕ್ಕೆ ಒಂದೊಂದು, ರೇಖೆ ಎಳೆದದ್ದಕ್ಕೆ ಒಂದು, ಛೇದಿಸುವ ಬಿಂದು ಗುರುತಿಸಿ ಉತ್ತರ ಬರೆದದ್ದಕ್ಕೆ ಒಂದು. ಮೊದಲ ಕೋಷ್ಟಕ ಸರಿ ಬಂದಿದೆ. ಎರಡನೆಯದರಲ್ಲಿ ವೈ = 2ಎಕ್ಸ್ − 2 ಆಗಬೇಕಿತ್ತು; ಅವಳು ಬರೆದದ್ದು ವೈ = 2 − 2ಎಕ್ಸ್. ಋಣ ಚಿಹ್ನೆ ಹೊತ್ತ ವೈಯನ್ನು ಪಕ್ಷಾಂತರ ಮಾಡದೆ ಚಿಹ್ನೆಯನ್ನೇ ಕೈಬಿಟ್ಟಿದ್ದಾಳೆ. ಆಮೇಲೆ ಎಳೆದ ಎರಡು ಗೆರೆ ಎಲ್ಲೂ ಕೂಡುವುದಿಲ್ಲ, ಸಮಾಂತರ. ಏನೋ ಕೆಟ್ಟಿದೆ ಎಂದು ಅವಳಿಗೂ ಅನಿಸಿರಬೇಕು, ಇಡೀ ಪುಟಕ್ಕೆ ಅಡ್ಡಗೆರೆ ಎಳೆದಿದ್ದಾಳೆ. ಆದರೂ ಮೌಲ್ಯಮಾಪಕರು ಮೊದಲ ಕೋಷ್ಟಕದ ಒಂದು ಅಂಕ ಕೊಟ್ಟಿದ್ದಾರೆ.

ಎರಡು ಅಂಕದ ಪ್ರಶ್ನೆಗಳಲ್ಲೂ ಅದೇ ಕತೆ. ಸಮಾಂತರ ಶ್ರೇಢಿಯ ಮೊತ್ತ ಕೇಳಿದಲ್ಲಿ ಸೂತ್ರ ಬರೆದು ಅರ್ಧ ಅಂಕ ಗಳಿಸಿ, ಬೆಲೆ ಹಾಕುವಾಗ ಆವರಣ ಬಿಟ್ಟು ಕೆಡಿಸಿದ್ದಾಳೆ. 2, 5, 8… ಶ್ರೇಢಿಯ ಮೊದಲ 20 ಪದಗಳ ಮೊತ್ತಕ್ಕೆ 10 × (4 + 19 × 3), ಅಂದರೆ 610 ಬರಬೇಕು. ಆವರಣ ಮರೆತರೆ 10 × 4 + 57 ಆಗಿ 97ಕ್ಕೆ ಬಂದು ನಿಲ್ಲುತ್ತದೆ. ಸೂತ್ರಕ್ಕೆ ಅರ್ಧ, ಬೆಲೆ ಹಾಕಿದ್ದಕ್ಕೆ ಅರ್ಧ, ಸುಲಭೀಕರಿಸಿದ್ದಕ್ಕೆ ಅರ್ಧ, ಉತ್ತರಕ್ಕೆ ಅರ್ಧ ಎಂದು ಒಡೆದಾಗ ಒಂದು ಆವರಣದ ಬೆಲೆ ಒಂದು ಅಂಕಕ್ಕೂ ಹೆಚ್ಚು.

ಈಗ ಜುಲೈನ ಎಫ್‌ಎ-1ರ ಹಾಳೆಯನ್ನು ಪಕ್ಕದಲ್ಲಿ ಇಟ್ಟು ನೋಡಿದರೆ, ಅಲ್ಲೂ ಅದೇ ಬಿಟ್ಟ ಚಿಹ್ನೆ, ಅದೇ ಬಿಟ್ಟ ಆವರಣ. ಎರಡೂ ಹತ್ತನೇ ತರಗತಿಯ ಪಾಠವೇ ಅಲ್ಲ. ಏಳು, ಎಂಟನೇ ತರಗತಿಯ ಸರಳ ಸಮೀಕರಣದ್ದು. ಕಬ್ಬಿನ ಗದ್ದೆಗೆ ಹೋಗುವ ನಾಲ್ಕು ತಿಂಗಳು ಮೊದಲೇ ಕಾಯಿಲೆ ಕಾಗದದ ಮೇಲೆ ಬಂದಿತ್ತು. ಹಾಗಾಗಿ ಸೋಲಿಗೆ ಗುಳೆಯೊಂದೇ ಕಾರಣ ಎಂದು ಶಾಲೆ ಹೇಳಿಕೊಳ್ಳುವುದು ಅರ್ಧ ಸತ್ಯ. ಆ ಎರಡು ತಿಂಗಳು ಕಸಿದದ್ದು ತ್ರಿಕೋನಮಿತಿ, ವೃತ್ತ ಮತ್ತು ಸಂಖ್ಯಾಶಾಸ್ತ್ರ; ಚಿಹ್ನೆ ಮತ್ತು ಆವರಣ ಅದಕ್ಕೂ ಹಿಂದೆಯೇ ಹೋಗಿದ್ದವು.

ಇಪ್ಪತ್ನಾಲ್ಕು ದಿನ

2023–24ರಿಂದ ಪೂರಕ ಪರೀಕ್ಷೆ ಹೋಗಿ ಒಂದೇ ವರ್ಷದಲ್ಲಿ ಪರೀಕ್ಷೆ-1, 2, 3 ಎಂಬ ವ್ಯವಸ್ಥೆ ಬಂದಿತ್ತು. ಯಾವುದರಲ್ಲಿ ಹೆಚ್ಚು ಅಂಕ ಬಂದಿರುತ್ತದೋ ಅದೇ ಉಳಿಯುತ್ತದೆ. ಆಂತರಿಕ ಅಂಕ ಮೊದಲಿನದೇ. 2025ರ ಪರೀಕ್ಷೆ-2 ಶುರುವಾದದ್ದು ಮೇ 26ಕ್ಕೆ. ಫಲಿತಾಂಶ ಬಂದ ದಿನದಿಂದ ಎಣಿಸಿದರೆ 24 ದಿನ, ಅದೂ ವಿಜಯಪುರದ ಮೇ ತಿಂಗಳ ಬಿಸಿಲಿನಲ್ಲಿ. ಪಾಠವನ್ನು ಬೆಳಿಗ್ಗೆ ಏಳರಿಂದ ಹತ್ತರ ಒಳಗೇ ಮುಗಿಸಬೇಕಾಯಿತು.

ಈ ಹೊತ್ತಿನಲ್ಲಿ ಸಾಮಾನ್ಯವಾಗಿ ಮಕ್ಕಳ ಕೈಗೆ ಹೋಗುವುದು ‘ಪಾಸಿಂಗ್ ಪ್ಯಾಕೇಜ್’. ಇಂತಿಷ್ಟು ಪ್ರಮೇಯ, ಒಂದು ನಕ್ಷೆ, ಸರಾಸರಿ-ಬಹುಲಕದ ಒಂದೊಂದು ಲೆಕ್ಕ ಬಾಯಿಪಾಠ. ಪ್ಯಾಕೇಜು ಕೆಟ್ಟದ್ದೆಂದು ಮೂಗು ಮುರಿಯುವವರು ಹನ್ನೊಂದು ಅಂಕದ ಹುಡುಗಿಯನ್ನು ಎದುರಿಗೆ ಕೂರಿಸಿಕೊಂಡು ನೋಡಬೇಕು. ಆದರೆ ಅದಕ್ಕೊಂದು ತೂತಿದೆ: ನಕ್ಷೆಯ ಲೆಕ್ಕ ನೂರು ಸಲ ಮಾಡಿಸಿದರೂ ಋಣ ಚಿಹ್ನೆಯ ವೈ ಬಂದಾಗ ಇವಳು ಮತ್ತೆ ಅಲ್ಲೇ ಬೀಳುತ್ತಾಳೆ.

ಹಾಗಾಗಿ ಮೊದಲ ನಾಲ್ಕು ದಿನ ಹತ್ತನೇ ತರಗತಿಯ ಪುಸ್ತಕ ತೆರೆಯಲೇ ಇಲ್ಲ. ಬರೀ ಪಕ್ಷಾಂತರ, ಆವರಣ, ಋಣ ಸಂಖ್ಯೆಗಳ ಕೂಡು-ಕಳೆ. ದಿನಕ್ಕೆ ಮೂವತ್ತು ಸಣ್ಣ ಲೆಕ್ಕ, ಉತ್ತರ ಬಂದ ಮೇಲೆ ಬೆಲೆಯನ್ನು ಸಮೀಕರಣದಲ್ಲಿ ತಿರುಗಿ ಹಾಕಿ ತಾಳೆ ನೋಡುವುದು ಕಡ್ಡಾಯ. ತಾಳೆ ನೋಡುವ ಅಭ್ಯಾಸ ಇದ್ದಿದ್ದರೆ ಮಾರ್ಚಿನಲ್ಲಿ ಅವಳ ಎರಡನೇ ಕೋಷ್ಟಕ ಅಲ್ಲೇ ಸಿಕ್ಕಿಬೀಳುತ್ತಿತ್ತು: ಎಕ್ಸ್ 0 ಇದ್ದಾಗ ಅವಳಿಗೆ ವೈ 2 ಬಂದಿದೆ, ಸಮೀಕರಣಕ್ಕೆ ಹಾಕಿದರೆ 0 − 2, ಅದು 2 ಅಲ್ಲ.

ಐದನೇ ದಿನದಿಂದ ಪ್ಯಾಕೇಜು. ನಕ್ಷೆ ದಿನಕ್ಕೊಂದು. ಬಾಹ್ಯ ಬಿಂದುವಿನಿಂದ ವೃತ್ತಕ್ಕೆ ಎಳೆದ ಸ್ಪರ್ಶಕಗಳು ಸಮ ಎಂಬ ಪ್ರಮೇಯ, ಮೂಲ ಸಮಾನುಪಾತತೆಯ ಪ್ರಮೇಯ. ಚಿತ್ರ, ದತ್ತ, ಸಾಧನೀಯ, ರಚನೆ, ಸಾಧನೆ ಇದೇ ಕ್ರಮದಲ್ಲಿ. ಸಾಧನೆ ಮರೆತರೂ ಚಿತ್ರ, ದತ್ತ, ಸಾಧನೀಯಕ್ಕೆ ಅಂಕ ಸಿಗುತ್ತದೆ ಎಂಬುದು ಅವಳಿಗೆ ಆವರೆಗೆ ಗೊತ್ತೇ ಇರಲಿಲ್ಲ. ಖಾಲಿ ಬಿಟ್ಟ 17ರಲ್ಲಿ ಹಲವಕ್ಕೆ ಇದೇ ಕಾರಣ. ಪೂರ್ತಿ ಬರದಿದ್ದರೆ ಬರೆಯಬಾರದು ಎಂದು ತಿಳಿದಿದ್ದಳು. ಸರಾಸರಿಯ ಲೆಕ್ಕದಲ್ಲಿ ಕೋಷ್ಟಕ ತುಂಬಿದರೇ ಅರ್ಧ ದಾರಿ ಮುಗಿದಂತೆ. ತ್ರಿಕೋನಮಿತಿಯಲ್ಲಿ ಬೆಲೆಗಳ ಪಟ್ಟಿ ಮಾತ್ರ, ನಿತ್ಯಸಮೀಕರಣ ಕೈಬಿಡಲಾಯಿತು. ಘನಾಕೃತಿಗಳ ಘನಫಲವನ್ನೂ ಬಿಟ್ಟದ್ದಾಯಿತು, ಅಲ್ಲಿ ಗುಣಾಕಾರವೇ ಅವಳ ಸಮಯ ತಿನ್ನುತ್ತಿತ್ತು. ಪ್ರಶ್ನೆಪತ್ರಿಕೆ ಓದಿಕೊಳ್ಳಲು ಕೊಡುವ 15 ನಿಮಿಷದಲ್ಲಿ ಮೊದಲು ನಕ್ಷೆ ಮತ್ತು ಪ್ರಮೇಯ ಎಷ್ಟನೇ ಪ್ರಶ್ನೆ ಎಂದು ಹುಡುಕಿಟ್ಟುಕೊಳ್ಳುವುದನ್ನೂ ಅಭ್ಯಾಸ ಮಾಡಿಸಲಾಯಿತು.

ಪರೀಕ್ಷೆ-2ರಲ್ಲಿ 80ಕ್ಕೆ 31. ಒಂದು ಅಂಕದವುಗಳಿಂದ 9, ಎರಡರವುಗಳಿಂದ ಒಂಬತ್ತೂವರೆ, ಮೂರರವುಗಳಿಂದ ಎಂಟೂವರೆ, ನಕ್ಷೆಗೆ ಪೂರ್ತಿ ನಾಲ್ಕು. ಹಳೆಯ 18 ಸೇರಿ 49, ಉತ್ತೀರ್ಣ.

ಶಾಲೆ ಬದಲಿಸಿಕೊಂಡದ್ದು

2025–26ರಿಂದ ಉತ್ತೀರ್ಣತೆಯ ಮಟ್ಟ ಶೇ 35ರಿಂದ 33ಕ್ಕೆ ಇಳಿದಿದೆ: ಒಟ್ಟು 625ಕ್ಕೆ 206, ಜೊತೆಗೆ ಪ್ರತಿ ವಿಷಯದಲ್ಲಿ ಕನಿಷ್ಠ ಶೇ 30. ಹುಡುಗಿಯ ಮೊದಲ ಸಲದ 29 ಇದರಲ್ಲೂ ದಾಟುತ್ತಿರಲಿಲ್ಲ. ಆದರೆ ಇಂಥ ಸಡಿಲಿಕೆ ಬಂದಾಗ ಆಂತರಿಕ ಅಂಕವನ್ನು ಇನ್ನಷ್ಟು ಉಬ್ಬಿಸುವ ಆಸೆ ಹೆಚ್ಚುತ್ತದೆ. ಅದಕ್ಕೇ ವಹಿ ಬರೆಯುವ ಕ್ರಮವನ್ನೇ ತಿದ್ದಬೇಕಾಯಿತು.

ಕಿರುಪರೀಕ್ಷೆಯ ಹಾಳೆ ಮೌಲ್ಯಮಾಪನವಾದ ಮೂರು ದಿನದೊಳಗೆ ಮನೆಗೆ ಹೋಗಿ ಸಹಿ ಅಥವಾ ಹೆಬ್ಬೆಟ್ಟಿನೊಂದಿಗೆ ತಿರುಗಿ ಬರಬೇಕು. ಹಾಳೆಯ ಮೇಲಿನ ಅಂಕವೇ ವಹಿಗೆ. ಹಾಳೆಯ ಮೂಲೆಯಲ್ಲಿ ಅಂಕದ ಜೊತೆ ಎರಡೇ ಪದದಲ್ಲಿ ತಪ್ಪಿನ ಜಾತಿ: ‘ಚಿಹ್ನೆ’, ‘ಆವರಣ’, ‘ಸೂತ್ರ ಮರೆವು’, ‘ಪ್ರಶ್ನೆ ಅರ್ಥವಾಗಿಲ್ಲ’. ಚಟುವಟಿಕೆಗೆ ಚಾರ್ಟು ನಿಂತಿತು. ಬದಲಿಗೆ ಕೋನಮಾಪಕ, ದಾರ, ಕಲ್ಲು, ಒಂದು ಕೊಳವೆ ಕಟ್ಟಿ ಧ್ವಜಕಂಬದ ಎತ್ತರ ಅಳೆಯುವುದು. 12 ಮೀಟರ್ ದೂರದಲ್ಲಿ ನಿಂತು ಕೋನ 30 ಡಿಗ್ರಿ ಬಂದರೆ 12ನ್ನು ಮೂರರ ವರ್ಗಮೂಲದಿಂದ ಭಾಗಿಸಿ 6.93 ಮೀಟರ್, ಕಣ್ಣಿನ ಎತ್ತರ 1.4 ಸೇರಿಸಿ 8.33. ಅಂಕ ಐದು ಕಡೆ, ಮೂರು ಮೂರು: ಉಪಕರಣ, ಅಳತೆ, ಚಿತ್ರ, ಲೆಕ್ಕ, ಕೇಳಿದ ಒಂದು ಪ್ರಶ್ನೆಗೆ ಬಾಯಲ್ಲಿ ಉತ್ತರ. ಕಣ್ಣಿನ ಎತ್ತರ ಸೇರಿಸುವುದನ್ನು ಮರೆಯುವವರೇ ಹೆಚ್ಚು. ಆ ಮರೆವು ಸಿಕ್ಕಿಬೀಳುವುದಕ್ಕೇ ಈ ಚಟುವಟಿಕೆ. ಕಬ್ಬಿಗೆ ಹೋಗುವ ಮನೆಗಳ ಪಟ್ಟಿಯನ್ನು ಸೆಪ್ಟೆಂಬರಿನಲ್ಲೇ ಮಾಡಿ, ಆ ಮಕ್ಕಳ ಎಫ್‌ಎ-3ನ್ನು ಜನವರಿಯಲ್ಲಿ, ಬಂದು ಎರಡು ವಾರ ಕಲಿತ ಮೇಲೆ ಇಡಲಾಗುತ್ತದೆ. ಅವರು ಜನವರಿಗೇ ಬರುತ್ತಾರೆಂಬ ಖಾತ್ರಿ ಕಾರ್ಖಾನೆಯ ಹಂಗಾಮಿನ ಮೇಲೆ, ಶಾಲೆಯ ಕೈಯಲ್ಲಿಲ್ಲ.

ಶಿಕ್ಷಕರ ಸಭೆಯಲ್ಲಿ ಎದ್ದ ಒಂದು ತಕರಾರಿಗೆ ಸುಲಭದ ಉತ್ತರವಿಲ್ಲ. “ನಾವು ಹತ್ತು ಹಾಕೂದು, ಬಾಜೂ ಸಾಲ್ಯಾಗ ಹದಿನೆಂಟು ಹಾಕೂದು, ಪಿಯುಸಿ ಸೀಟಿಗೆ ನಮ್ಮ ಹುಡುಗರೇ ಹಿಂದ ಬೀಳೂದು, ಇದ್ಯಾವ ನ್ಯಾಯರಿ?” ಆರೂ ವಿಷಯದಲ್ಲಿ ಎಂಟೆಂಟು ಕಡಿಮೆಯಾದರೆ 48 ಅಂಕ, ಬೇಡಿಕೆಯ ಕಾಲೇಜಿನಲ್ಲಿ ಅದು ಸಣ್ಣ ಸಂಖ್ಯೆಯಲ್ಲ. ಸದ್ಯಕ್ಕೆ ಕಂಡುಕೊಂಡ ದಾರಿ ಮರುಪರೀಕ್ಷೆ. ರೂಪಣಾತ್ಮಕ ಎಂದ ಮೇಲೆ ಮಗು ತಿದ್ದಿಕೊಂಡದ್ದೂ ಲೆಕ್ಕಕ್ಕೆ ಬರಬೇಕು. ಮೊದಲ ಹಾಳೆ ಹಾಗೆಯೇ ಉಳಿಯುತ್ತದೆ, ತಪ್ಪು ಕಲಿಸಿ ಮೂರು ವಾರದ ನಂತರ ಅದೇ ಮಾದರಿಯ ಬೇರೆ ಲೆಕ್ಕಗಳ ಹಾಳೆ, ಎರಡನ್ನೂ ಒಂದೇ ಪಿನ್ನಿಗೆ ಸಿಕ್ಕಿಸಿ, ಹೆಚ್ಚಿನದು ವಹಿಗೆ. ಈ ವರ್ಷದ ಕಟ್ಟಿನಲ್ಲಿ ಮೇಲಿರುವ ಹಾಳೆಯ ಮೇಲೆ ಜುಲೈನ 20ಕ್ಕೆ 6, ‘ಆವರಣ’. ಅದರ ಕೆಳಗೆ ಆಗಸ್ಟಿನದು, 13.